ಸೆಮಿ ಆಟೋ ಕೋವಿಯನ್ನು ಕಡಿಮೆ ಖರ್ಚಿನಲ್ಲಿ ಸ್ಪರ್ಧೆಗೆ ಅಣಿ ಮಾಡುವುದು

ಹಾರುವ ಬಿಲ್ಲೆ ಒಡೆಯುವ ಸ್ಪರ್ಧೆಗೆ ಸೆಮಿ ಆಟೋ ಕೋವಿಯಿಂದ, ಅಂದರೆ ಪ್ರತಿ ಈಡಿಗೂ ತಾನೇ ತೋಟಾ ಬದಲಿಸಿಕೊಳ್ಳುವ ಶಾಟ್‌ಗನ್ನಿನಿಂದ, ಬೇಕಾದದ್ದು ಮೂರೇ. ಟ್ರಿಗರ್ ಎಳೆದಾಗಲೆಲ್ಲ ಈಡು ಹಾರಿ, ಖಾಲಿ ತೋಟಾ ಹೊರಬಿದ್ದು, ಮುಂದಿನದು ಒಳಗೆ ಬಂದು ಕೂರಬೇಕು. ಕಣ್ಣು ನೆಟ್ಟ ಕಡೆಗೇ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಹೋಗಬೇಕು. ಹೋದ ಚರೆ ಎಷ್ಟು ದೂರಕ್ಕೆ ಎಷ್ಟು ಹರಡುತ್ತದೆ ಎಂಬುದು ಹೊಡೆಯುವವನಿಗೆ ಗೊತ್ತಿರಬೇಕು. ಈ ಮೂರಕ್ಕೂ ದೊಡ್ಡ ದುಡ್ಡು ಬೇಡ. ಬಣ್ಣಬಣ್ಣದ ಬಟನ್ನು, ಹೆಸರಾಂತ ಚೋಕ್ ಟ್ಯೂಬು (ಚರೆಯ ಹರವನ್ನು ಬಿಗಿ ಮಾಡಲು ಬ್ಯಾರೆಲ್ಲಿನ ಬಾಯಿಗೆ ತಿರುಗಿಸಿ ಹಾಕುವ ಕೊಳವೆ), ಕಾರ್ಬನ್ ಫೈಬರಿನ ಅಲಂಕಾರ ಇವೆಲ್ಲ ಆಮೇಲಿನ ಮಾತು. ಅವುಗಳ ದುಡ್ಡಿನಲ್ಲಿ ಅಭ್ಯಾಸದ ತೋಟಾ ಕೊಂಡರೆ ಅಂಕ ಬೇಗ ಏರುತ್ತದೆ. ಮೂರನ್ನೂ ಇದೇ ಕ್ರಮದಲ್ಲಿ ನೋಡಬೇಕು. ಓಡದ ಕೋವಿಯನ್ನು ಮೈಗೆ ಹೊಂದಿಸಿ ಪ್ರಯೋಜನವಿಲ್ಲ, ಮೈಗೆ ಹೊಂದದ ಕೋವಿಯ ಹರವು ಅಳೆದೂ ಪ್ರಯೋಜನವಿಲ್ಲ.

ಮೊದಲು ನಿಮ್ಮ ಕೋವಿಯ ಜಾತಿ ತಿಳಿಯಿರಿ

ಬ್ಯಾರೆಲ್ಲಿನ ಕೆಳಗೆ ಕೈ ಹಿಡಿಯುವ ಭಾಗ, ಅಂದರೆ ಫೋರ್‌ಎಂಡ್, ಬಿಚ್ಚಿ ನೋಡಿ. ಮ್ಯಾಗಜೀನ್ ನಳಿಗೆಯ ಮೇಲೆ ಪಿಸ್ಟನ್ ಇದ್ದು, ಬ್ಯಾರೆಲ್ಲಿನ ಕೆಳಗಿನ ಉಂಗುರದಲ್ಲಿ ಸಣ್ಣ ತೂತುಗಳಿದ್ದರೆ ಅದು ಗ್ಯಾಸ್ ಕೋವಿ. 1963ರಲ್ಲಿ ಬಂದ ರೆಮಿಂಗ್ಟನ್ 1100, ಬೆರೆಟ್ಟಾದ ಎ300 ಮತ್ತು ಎ400, ಮಾಸ್‌ಬರ್ಗ್ 930 ಈ ಗುಂಪಿನವು. ಬ್ಯಾರೆಲ್ಲಿನಿಂದ ಸ್ವಲ್ಪ ಹೊಗೆಯನ್ನು ಕದ್ದು ಪಿಸ್ಟನ್ ತಳ್ಳಿ ಬೋಲ್ಟನ್ನು, ಅಂದರೆ ತೋಟಾದ ಹಿಂದೆ ಬಂದು ಮುಚ್ಚುವ ಲೋಹದ ತುಂಡನ್ನು, ಹಿಂದಕ್ಕೆ ಓಡಿಸುತ್ತವೆ. ಭುಜಕ್ಕೆ ಹೊಡೆತ ಮೆತ್ತಗೆ, ಮಸಿ ಮಾತ್ರ ಜಾಸ್ತಿ.

ನಳಿಗೆಯ ಮೇಲೆ ಏನೂ ಇಲ್ಲದೆ, ಬೋಲ್ಟಿನ ಒಳಗೇ ಒಂದು ಗಿಡ್ಡ ಗಟ್ಟಿ ಸ್ಪ್ರಿಂಗ್ ಇದ್ದು ಬೋಲ್ಟಿನ ತಲೆ ತಿರುಗುವಂತಿದ್ದರೆ ಅದು ಇನರ್ಶಿಯಾ ಕೋವಿ. ಬೆನೆಲ್ಲಿ ಎಂ2, ಸ್ಟೋಗರ್ ಎಂ3000 ಹೀಗಿವೆ. ಇಡೀ ಕೋವಿ ಹಿಂದಕ್ಕೆ ಜಿಗಿಯುವಾಗ ಬೋಲ್ಟಿನ ಭಾರ ಇದ್ದಲ್ಲೇ ನಿಲ್ಲಲು ಹೋಗುತ್ತದೆ, ನಡುವಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಆ ಅದುಮಿದ ಸ್ಪ್ರಿಂಗೇ ಬೋಲ್ಟನ್ನು ಬಿಚ್ಚಿ ಹಿಂದಕ್ಕೆ ಎಸೆಯುತ್ತದೆ. ಅಂದರೆ ಈ ಕೋವಿ ಓಡಬೇಕಾದರೆ ಅದು ಹಿಂದಕ್ಕೆ ಜಿಗಿಯಲೇಬೇಕು. ಭಾರ ತೂಗುಹಾಕಿದರೆ ಅಥವಾ ತೀರಾ ಹಗುರ ತೋಟಾ ಹಾಕಿದರೆ ಜಿಗಿತ ಸಾಲದೆ ನಿಂತುಬಿಡುತ್ತದೆ. ಮುಂದಿನ ಅರ್ಧ ನಿರ್ಧಾರಗಳು ಈ ಒಂದು ವಿಷಯದ ಮೇಲೆ ನಿಂತಿವೆ.

ಹಳೆಯ ಕೋವಿ ಕೊಳ್ಳುವುದಾದರೆ ಕಿಟಕಿಯ ಬೆಳಕಿಗೆ ಬ್ಯಾರೆಲ್ ಹಿಡಿದು ಒಳಗೆ ನೋಡಿ. ಎಲ್ಲಾದರೂ ಬಳೆಯಂಥ ನೆರಳು ಕಂಡರೆ ಅಲ್ಲಿ ಉಬ್ಬಿದೆ, ಬಿಟ್ಟುಬಿಡಿ. ಮ್ಯಾಗಜೀನ್ ನಳಿಗೆಯಲ್ಲಿ ತಗ್ಗು, ಭುಜಕ್ಕೆ ಆನಿಸುವ ಹಿಂಭಾಗದ, ಅಂದರೆ ಸ್ಟಾಕಿನ, ಕುತ್ತಿಗೆಯಲ್ಲಿ ಸೀಳು, ಫೋರ್‌ಎಂಡಿನ ಒಳಗೆ ಬಿರುಕು, ಖಾಲಿ ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ತುದಿ ಮೊಂಡಾಗಿರುವುದು, ಇವನ್ನೂ ನೋಡಿ. ಕೊನೆಯದು ಅಗ್ಗದ ರಿಪೇರಿ, ಮೊದಲ ಮೂರು ಅಲ್ಲ.

ಕೈ ಹಾಕುವ ಮೊದಲು

ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಬೋಲ್ಟನ್ನು ಹಿಂದಕ್ಕೆಳೆದು ನಿಲ್ಲಿಸಿ, ತೋಟಾ ಕೂರುವ ಚೇಂಬರಿಗೂ ಮ್ಯಾಗಜೀನಿನ ಬಾಯಿಗೂ ಕಿರುಬೆರಳು ಹಾಕಿ ಮುಟ್ಟಿ ನೋಡಿ, ಕಣ್ಣನ್ನಷ್ಟೇ ನಂಬಬೇಡಿ. ಮ್ಯಾಗಜೀನಿನ ಮುಂದಿನ ಮುಚ್ಚಳ ಬಿಚ್ಚುವಾಗ ಮುಖ ಬದಿಗಿರಲಿ, ಒಳಗಿನ ಉದ್ದ ಸ್ಪ್ರಿಂಗ್ ಹೊರಗೆ ಚಿಮ್ಮಬಹುದು. ಪರೀಕ್ಷೆಗೆ ನಾಲ್ಕು ಡಮ್ಮಿ ತೋಟಾ ಸಾಕು. ಬ್ಯಾರೆಲ್ ಉದ್ದ, ಮ್ಯಾಗಜೀನ್ ಹಿಡಿಯುವ ತೋಟಾಗಳ ಸಂಖ್ಯೆ ಇವುಗಳ ಮೇಲೆ ಬಹಳ ಕಡೆ ಕಾನೂನಿನ ಮಿತಿ ಇದೆ, ಸ್ಪರ್ಧೆಯ ನಿಯಮ ಬೇರೆಯೇ ಇರುತ್ತದೆ. ಎರಡನ್ನೂ ಓದಿಕೊಂಡೇ ಸ್ಪ್ಯಾನರ್ ಹಿಡಿಯಿರಿ.

ಮಸಿ, ಎಣ್ಣೆ, ಸ್ಪ್ರಿಂಗ್

ಅಂಗಡಿಗೆ ರಿಪೇರಿಗೆ ಹೋಗುವ ಸೆಮಿ ಆಟೋಗಳಲ್ಲಿ ಬಹುಪಾಲಿನ ರೋಗ ಕೊಳೆಯೇ.

ಗ್ಯಾಸ್ ಕೋವಿಯ ಪಿಸ್ಟನ್ ಮತ್ತು ಉಂಗುರಗಳನ್ನು ಬಿಚ್ಚುವ ಮೊದಲು ಅವು ಕೂತಿರುವ ಕ್ರಮವನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಉಂಗುರ ತಿರುಗಾಮುರುಗಾ ಹಾಕಿದ್ದಕ್ಕೇ ಓಡದೆ ನಿಂತ ಕೋವಿಗಳಿಗೆ ಲೆಕ್ಕವಿಲ್ಲ. ಬಿಚ್ಚಿದ ಲೋಹದ ಭಾಗಗಳನ್ನು ಬೋರ್ ಸಾಲ್ವೆಂಟಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತ್ತಾಳೆಯ ಬ್ರಶ್ಶಿನಿಂದ ತಿಕ್ಕಿ. ಗಟ್ಟಿಯಾದ ಮಸಿಯ ಪದರ ಹಿತ್ತಾಳೆಯ ಚಪ್ಪಟೆ ಪಟ್ಟಿಗೆ ಏಳುತ್ತದೆ, ಉಕ್ಕಿನ ಚಾಕು ಬೇಡ. ಬ್ಯಾರೆಲ್ಲಿನ ಗ್ಯಾಸ್ ತೂತಿಗೆ ಮರದ ಹಲ್ಲುಕಡ್ಡಿ ಅಥವಾ ಪೈಪ್ ಕ್ಲೀನರ್ ಸಾಕು. ಡ್ರಿಲ್ ಬಿಟ್ ಹಾಕಿ ತೂತನ್ನು ದೊಡ್ಡದು ಮಾಡುವ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಮಾಡಬೇಡಿ. ಹಗುರ ತೋಟಾ ಓಡಿಸಲೆಂದು ಹಿಗ್ಗಿಸಿದ ತೂತು ಭಾರದ ತೋಟಾ ಹಾಕಿದ ದಿನ ಬೋಲ್ಟನ್ನು ಅದು ಓಡಾಡುವ ಮೈಡಬ್ಬಿಯ, ಅಂದರೆ ರಿಸೀವರಿನ, ಹಿಂಭಾಗಕ್ಕೆ ಸುತ್ತಿಗೆಯಂತೆ ಬಡಿಸುತ್ತದೆ, ಹಿಗ್ಗಿದ ತೂತನ್ನು ಮತ್ತೆ ಕಿರಿದು ಮಾಡಲಾಗದು.

ರೆಮಿಂಗ್ಟನ್ 1100ರಂಥ ಕೋವಿಗಳಲ್ಲಿ ಮ್ಯಾಗಜೀನ್ ನಳಿಗೆಯ ಮೇಲೆ ಒಂದು ರಬ್ಬರ್ ಓ-ರಿಂಗ್ ಇರುತ್ತದೆ. ಅದು ಹರಿದರೆ ಹೊಗೆ ಸೋರಿ ಕೋವಿ ಒಂಟಿ ಈಡಿನದಾಗುತ್ತದೆ. ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ, ಸಣ್ಣ ಸೀಳು ಕಂಡರೂ ಬದಲಿಸಿ. ಇಡೀ ಕೋವಿಯಲ್ಲಿ ಇದಕ್ಕಿಂತ ಅಗ್ಗದ ಭಾಗವಿಲ್ಲ, ಎರಡು ಹೆಚ್ಚುವರಿ ಚೀಲದಲ್ಲಿರಲಿ.

ಎಲ್ಲರೂ ಮರೆಯುವುದು ಸ್ಟಾಕಿನ ಒಳಗಿನ ರಿಟರ್ನ್ ಸ್ಪ್ರಿಂಗನ್ನು. ಬಹಳಷ್ಟು ಕೋವಿಗಳಲ್ಲಿ ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಸ್ಟಾಕಿನೊಳಗೆ ಒಂದು ಕೊಳವೆಯಲ್ಲಿ ಅಡಗಿರುತ್ತದೆ. ಹಿಂಬದಿಯ ರಬ್ಬರ್ ಪ್ಯಾಡ್ ತೆಗೆದು, ಉದ್ದ ಸಾಕೆಟ್ಟಿನಿಂದ ನಟ್ ಬಿಚ್ಚಿ, ಸ್ಟಾಕ್ ಎಳೆದರೆ ಕೊಳವೆ ಕಾಣುತ್ತದೆ. ಮಳೆಯಲ್ಲಿ ನೆನೆದ, ಸ್ಟಾಕ್ ಕೆಳಗೆ ಮಾಡಿ ಎಣ್ಣೆ ಸುರಿದ ಕೋವಿಯಾದರೆ ಒಳಗಿರುವುದು ಕಂದು ಬಣ್ಣದ ಕೆಸರು. ಸ್ಪ್ರಿಂಗನ್ನು ಒರೆಸಿ ಹೊಸದರ ಪಕ್ಕ ಇಟ್ಟು ಉದ್ದ ಹೋಲಿಸಿ. ಎದ್ದುಕಾಣುವಷ್ಟು ಕುಗ್ಗಿದ್ದರೆ ಅಥವಾ ತುಕ್ಕಿನ ಗುಳಿ ಬಿದ್ದಿದ್ದರೆ ಬದಲಿಸಿ. ಸೋತ ಸ್ಪ್ರಿಂಗಿನ ಲಕ್ಷಣ ಸುಲಭ: ಬೋಲ್ಟ್ ಮುಂದಕ್ಕೆ ಬರುತ್ತದೆ, ಕೊನೆಯ ಅರ್ಧ ಸೆಂಟಿಮೀಟರಿಗೆ ಉಸಿರು ಸಾಲದೆ ನಿಲ್ಲುತ್ತದೆ.

ಇನರ್ಶಿಯಾ ಕೋವಿಗಳಿಗೆ ಇದೇ ಬಗೆಯ ಇನ್ನೊಂದು ಕಾಯಿಲೆ ಇದೆ. ಸದ್ದಾಗದಿರಲೆಂದು ಹಿಡಿಯನ್ನು ಕೈಯಲ್ಲಿ ಹಿಡಿದು ಬೋಲ್ಟನ್ನು ಮೆಲ್ಲಗೆ ಬಿಟ್ಟರೆ ಬೋಲ್ಟಿನ ತಲೆ ಪೂರ್ತಿ ತಿರುಗಿ ಕೂರುವುದಿಲ್ಲ. ಹೊರಗಿನಿಂದ ಮುಚ್ಚಿದಂತೆಯೇ ಕಾಣುತ್ತದೆ. ಬಿಲ್ಲೆ ಹಾರಿದಾಗ ಟ್ರಿಗರ್ ಎಳೆದರೆ ಕ್ಲಿಕ್ ಎಂಬ ಸದ್ದಷ್ಟೇ. ಬೋಲ್ಟನ್ನು ಯಾವಾಗಲೂ ಬಟನ್ ಒತ್ತಿ ಪೂರ್ತಿ ವೇಗದಲ್ಲಿ ಹೊಡೆದು ಮುಚ್ಚಲು ಬಿಡಿ.

ಚೇಂಬರಿಗೆ ಬರೋಣ. ಅಗ್ಗದ ತೋಟಾಗಳ ಬುಡ ಸಾಮಾನ್ಯವಾಗಿ ಹಿತ್ತಾಳೆ ಲೇಪಿಸಿದ ಉಕ್ಕು. ಈಡು ಸಿಡಿದಾಗ ಹಿಗ್ಗಿದ ಉಕ್ಕು ಹಿತ್ತಾಳೆಯಷ್ಟು ಚೆನ್ನಾಗಿ ಹಿಂದಕ್ಕೆ ಕುಗ್ಗುವುದಿಲ್ಲ, ಒರಟು ಚೇಂಬರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಅಗ್ಗದ ತೋಟಾದಲ್ಲೇ ಅಭ್ಯಾಸ ಮಾಡುವವರಿಗೆ ಆದ್ದರಿಂದ ನುಣುಪಾದ ಚೇಂಬರ್ ಬೇಕೇಬೇಕು. ಹಳೆಯ ಚೇಂಬರ್ ಬ್ರಶ್ಶಿಗೆ ನಾಲ್ಕು ಸೊನ್ನೆಯ, ಅಂದರೆ 0000 ಗುರುತಿನ, ಉಕ್ಕಿನ ಉಣ್ಣೆ ಸುತ್ತಿ, ಎರಡು ಹನಿ ಎಣ್ಣೆ ಬಿಟ್ಟು, ನಿಧಾನ ವೇಗದ ಡ್ರಿಲ್ಲಿನಲ್ಲಿ ಹಿಂದೆಮುಂದೆ ಆಡಿಸುತ್ತ ಮೂವತ್ತು ಸೆಕೆಂಡು ತಿರುಗಿಸಿ. ನಿಲ್ಲಿಸಿ, ಒರೆಸಿ, ಟಾರ್ಚ್ ಹಾಕಿ ನೋಡಿ. ಪ್ಲಾಸ್ಟಿಕ್ಕಿನ ಮಬ್ಬು ಹೋಗಿ ಹೊಳಪು ಬಂದರೆ ಕೆಲಸ ಮುಗಿಯಿತು. ಲೋಹ ಸವೆಸುವುದು ನಮ್ಮ ಉದ್ದೇಶವಲ್ಲ, ಹಾಗಾಗಿ ಮರಳುಕಾಗದ ಹತ್ತಿರ ಸುಳಿಯದಿರಲಿ. ಉಣ್ಣೆಯ ಎಳೆ ಒಂದೂ ಒಳಗೆ ಉಳಿಯಬಾರದು.

ಎಣ್ಣೆ ಎಲ್ಲಿಗೆ? ಬೋಲ್ಟ್ ಜಾರುವ ಹಳಿಗಳಿಗೆ, ಬೋಲ್ಟಿನ ಬೀಗದ ಕೊಂಡಿಗೆ, ಬೋಲ್ಟನ್ನು ತಳ್ಳುವ ಕಡ್ಡಿಗಳು, ಅಂದರೆ ಆಕ್ಷನ್ ಬಾರುಗಳು, ಉಜ್ಜುವ ಜಾಗಕ್ಕೆ, ತಲಾ ಒಂದು ಹನಿ. ಗ್ಯಾಸ್ ಪಿಸ್ಟನ್ ಓಡಾಡುವ ನಳಿಗೆಯ ಮೇಲೆ ಎಣ್ಣೆಬಟ್ಟೆಯಲ್ಲಿ ಒರೆಸಿ, ಅದನ್ನೂ ಒಣಬಟ್ಟೆಯಲ್ಲಿ ತೆಗೆಯಿರಿ. ಅಲ್ಲಿ ಉಳಿದ ಎಣ್ಣೆ ಮಸಿಯ ಜತೆ ಬೆಂದು ಅಂಟಾಗುತ್ತದೆ. ಟ್ರಿಗರ್ ಗ್ರೂಪನ್ನು ಅದನ್ನು ಹಿಡಿದಿರುವ ಒಂದೋ ಎರಡೋ ಪಿನ್ ತಳ್ಳಿ ಇಡಿಯಾಗಿ ಹೊರತೆಗೆದು, ಸಾಲ್ವೆಂಟಿನಲ್ಲಿ ತೊಳೆದು, ಒಣಗಿಸಿ, ಕೀಲುಗಳಿಗೆ ತೆಳುವಾಗಿ ಎಣ್ಣೆ ಮುಟ್ಟಿಸಿ ಹಾಗೇ ಹಾಕಿ.

ಓಡುತ್ತದೆಯೇ ಎಂದು ನೋಡುವುದು

ಹೊಸ ಕೋವಿಯಾದರೆ ಮೊದಲ 50ರಿಂದ 100 ತೋಟಾ 32 ಗ್ರಾಮಿನವು ಇರಲಿ. ಉಜ್ಜುವ ಜಾಗಗಳು ನಯವಾದ ಮೇಲೆ 28 ಗ್ರಾಮಿಗೆ ಇಳಿಯಿರಿ. ಬಿಲ್ಲೆ ಒಡೆಯುವ ಎರಡು ಬಗೆಯ ಸ್ಪರ್ಧೆಗಳಾದ ಅಂತರರಾಷ್ಟ್ರೀಯ ಟ್ರ್ಯಾಪ್ ಮತ್ತು ಸ್ಕೀಟ್‌ನಲ್ಲಿ ಚರೆಯ ತೂಕದ ಮಿತಿ 24 ಗ್ರಾಂ. ಅಲ್ಲಿಗೆ ಹೋಗುವವರು ಆ 24 ಗ್ರಾಮಿನಲ್ಲೇ ಪರೀಕ್ಷಿಸಬೇಕು, 28ರಲ್ಲಿ ಓಡಿತೆಂದು ಸಮಾಧಾನಪಡಬಾರದು.

ಒಂದು ಚೇಂಬರಿನಲ್ಲಿ, ಒಂದು ಮ್ಯಾಗಜೀನಿನಲ್ಲಿ. ಹೊಡೆಯಿರಿ. ಎರಡನೆಯದು ತಾನಾಗಿ ಬಂದು, ಅದೂ ಹಾರಿದ ಮೇಲೆ ಬೋಲ್ಟ್ ಹಿಂದೆ ನಿಲ್ಲಬೇಕು. ಒಂದೇ ಬಗೆಯ 100 ತೋಟಾ ಹೀಗೆ ತಡೆಯಿಲ್ಲದೆ ಹೋದರೆ ಕೋವಿ ಪಾಸು. ತಡೆ ಬಂದರೆ ಸಿಟ್ಟಿನಿಂದ ಬೋಲ್ಟ್ ಎಳೆಯಬೇಡಿ. ಬ್ಯಾರೆಲ್ಲನ್ನು ಗುರಿಯ ಕಡೆಗೇ ಹಿಡಿದು, ಬೆರಳು ಟ್ರಿಗರಿನಿಂದ ತೆಗೆದು, ಹಾಗೇ ಒಳಗೆ ನೋಡಿ. ತೋಟಾ ನಿಂತ ಜಾಗವೇ ಕಾರಣ ಹೇಳುತ್ತದೆ.

ಖಾಲಿ ತೋಟಾ ಬಾಗಿಲಲ್ಲಿ ಸಿಕ್ಕಿಕೊಂಡರೆ ಬೋಲ್ಟಿಗೆ ಹಿಂದೆ ಓಡುವ ಕಸುವು ಸಾಲದು: ಹಗುರ ತೋಟಾ, ಸೋರುವ ಓ-ರಿಂಗ್, ಕಟ್ಟಿದ ತೂತು, ಅಂಟಾದ ಸ್ಪ್ರಿಂಗ್ ಕೊಳವೆ. ಖಾಲಿ ತೋಟಾ ಚೇಂಬರಿನಲ್ಲೇ ಉಳಿದು ಬೋಲ್ಟ್ ಮಾತ್ರ ಹಿಂದೆ ಹೋಗಿದ್ದರೆ ಚೇಂಬರ್ ಒರಟು ಅಥವಾ ಎಕ್ಸ್‌ಟ್ರಾಕ್ಟರ್ ಸೋತಿದೆ. ಖಾಲಿಯ ಬುಡದ ಅಂಚು ನೋಡಿ, ಕೊಕ್ಕೆ ಕೆತ್ತಿ ಜಾರಿದ ಗುರುತಿದ್ದರೆ ಚೇಂಬರ್ ಬಿಗಿ, ಗುರುತೇ ಇಲ್ಲದಿದ್ದರೆ ಕೊಕ್ಕೆಯ ಸ್ಪ್ರಿಂಗ್ ಸತ್ತಿದೆ. ಖಾಲಿ ಹೋಗಿದೆ, ಹೊಸದು ಮ್ಯಾಗಜೀನ್ ಬಿಟ್ಟು ಬಂದಿಲ್ಲ ಅಂದರೆ ಮ್ಯಾಗಜೀನ್ ಸ್ಪ್ರಿಂಗ್ ದುರ್ಬಲ, ನಳಿಗೆಯಲ್ಲಿ ಕೊಳೆ ಅಥವಾ ತಗ್ಗು. ಒಟ್ಟಿಗೆ ಎರಡು ತೋಟಾ ನುಗ್ಗಿ ಬಂದರೆ ತಡೆಯುವ ಕೊಂಡಿ ಬಾಗಿದೆ ಅಥವಾ ಸವೆದಿದೆ, ಅದು ಗನ್‌ಸ್ಮಿತ್ ಕೆಲಸ. ಪ್ರತಿ ತಡೆಯನ್ನೂ ತೋಟಾದ ಹೆಸರು, ಎಷ್ಟನೆಯ ಈಡು ಎಂಬುದರ ಸಮೇತ ಬರೆದಿಡಿ. 60ನೇ ಈಡಿನ ಮೇಲೆ ಮಾತ್ರ ತಡೆ ಬರುತ್ತಿದ್ದರೆ ಅದು ಮಸಿಯ ಮಾತು, ಮೊದಲಿನಿಂದಲೇ ಅಲ್ಲೊಂದು ಇಲ್ಲೊಂದು ಬಂದರೆ ಭಾಗದ ಮಾತು.

ಮೈಗೆ ಹೊಂದಿಸುವುದು

ಶಾಟ್‌ಗನ್ನಿಗೆ ಹಿಂದಿನ ಗುರಿಕಡ್ಡಿ ಇಲ್ಲ. ಹಿಂದಿನ ಗುರಿಕಡ್ಡಿ ನಿಮ್ಮ ಕಣ್ಣೇ. ಕೆನ್ನೆ ಕೂರುವ ಅಂಚು, ಅಂದರೆ ಕೋಂಬ್, ಕಣ್ಣನ್ನು ಎಲ್ಲಿಟ್ಟಿತೋ ಚರೆ ಅದರಂತೆ ಹೋಗುತ್ತದೆ. ಸಾವಿರಾರು ಖರ್ಚು ಮಾಡಿ ಬ್ಯಾರೆಲ್ ಬದಲಿಸುವವರು ಮೂರು ಮಿಲಿಮೀಟರ್ ಎತ್ತರದ ಕೋಂಬಿನ ತಪ್ಪನ್ನು ಹಾಗೇ ಇಟ್ಟುಕೊಂಡಿರುತ್ತಾರೆ.

ಖಾಲಿ ಕೋವಿ ಹಿಡಿದು ದೂರದ ಒಂದು ಬಿಂದು ನೋಡಿ, ಕಣ್ಣು ಮುಚ್ಚಿ, ಕೋವಿಯನ್ನು ಕೆನ್ನೆಗೂ ಭುಜಕ್ಕೂ ಏರಿಸಿ, ಕಣ್ಣು ತೆರೆಯಿರಿ. ಮುಂದಿನ ಮಣಿ ಬ್ಯಾರೆಲ್ಲಿನ ಬೆನ್ನಿನುದ್ದದ ಪಟ್ಟಿಯ, ಅಂದರೆ ರಿಬ್ಬಿನ, ಮೇಲೆ ನಟ್ಟನಡುವೆ, ರಿಬ್ಬಿನ ಸ್ವಲ್ಪವೇ ಮೇಲ್ಮೈ ಕಾಣುವಂತೆ ಕೂತಿರಬೇಕು. ರಿಸೀವರಿನ ಹಿಂಭಾಗ ಮಾತ್ರ ಕಂಡರೆ ಕೋಂಬ್ ತಗ್ಗು. ರಿಬ್ ರಸ್ತೆಯಂತೆ ಉದ್ದಕ್ಕೆ ಕಂಡರೆ ಎತ್ತರ. ಹತ್ತು ಸಲ ಮಾಡಿ, ಹತ್ತೂ ಸಲ ಒಂದೇ ಚಿತ್ರ ಬರಬೇಕು. ಉದ್ದದ ಲೆಕ್ಕಕ್ಕೆ, ಏರಿಸಿದಾಗ ಮೂಗಿಗೂ ಟ್ರಿಗರ್ ಕೈಯ ಹೆಬ್ಬೆರಳಿನ ಗೆಣ್ಣಿಗೂ ನಡುವೆ ಎರಡರಿಂದ ಮೂರು ಬೆರಳಿನ ಜಾಗವಿದ್ದರೆ ಸರಿ. ಕಾರ್ಖಾನೆಯಿಂದ ಬರುವ ಉದ್ದ ಸಾಮಾನ್ಯವಾಗಿ 36ರಿಂದ 37 ಸೆಂಟಿಮೀಟರ್. ಗಿಡ್ಡಕ್ಕೆ ರಬ್ಬರ್ ಪ್ಯಾಡಿನ ಹಿಂದೆ ಸ್ಪೇಸರ್ ಹಾಕಬಹುದು, ಉದ್ದಕ್ಕೆ ತೆಳು ಪ್ಯಾಡ್. ಮರ ಕುಯ್ಯುವುದು ಕೊನೆಯ ಉಪಾಯ.

ಈಗ ಈಡಿನ ಪರೀಕ್ಷೆ. ಒಂದು ಮೀಟರ್ ಅಗಲದ ಕಾಗದದ ನಡುವೆ ಬೊಟ್ಟು ಇಟ್ಟು, 16 ಗಜ ಅಂದರೆ 14.6 ಮೀಟರ್ ದೂರ ನಿಲ್ಲಿ. ಇರುವುದರಲ್ಲಿ ಬಿಗಿಯಾದ ಚೋಕ್ ಹಾಕಿ. ಬೊಟ್ಟನ್ನೇ ನೋಡುತ್ತ ಕೋವಿ ಏರಿಸಿ, ಏರಿದ ಕೂಡಲೇ ಹೊಡೆಯಿರಿ. ರೈಫಲಿನಂತೆ ಗುರಿ ಹಿಡಿದು ನಿಂತರೆ ಕಣ್ಣು ತಪ್ಪನ್ನು ತಾನೇ ತಿದ್ದಿಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ಅದೇ ಕಾಗದಕ್ಕೆ ಐದಾರು ಈಡು ಹೊಡೆದರೆ ನಡುವೆ ಹರಿದ ಜಾಗವೇ ನಿಮ್ಮ ಚರೆಯ ಕೇಂದ್ರ.

ಲೆಕ್ಕ ಹೀಗೆ: ಕಣ್ಣಿನಿಂದ ಮುಂದಿನ ಮಣಿಗೆ ಸುಮಾರು ಒಂದು ಗಜ, ಗುರಿಗೆ 16 ಗಜ. ಆದ್ದರಿಂದ ಕಾಗದದ ಮೇಲಿನ ತಪ್ಪಿನ ಹದಿನಾರನೇ ಒಂದು ಭಾಗದಷ್ಟು ಕೋಂಬ್ ಬದಲಾಗಬೇಕು. ಚರೆ 5 ಸೆಂಟಿಮೀಟರ್ ಕೆಳಗೆ ಬಿದ್ದರೆ ಕೋಂಬನ್ನು ಸುಮಾರು 3 ಮಿಲಿಮೀಟರ್ ಏರಿಸಿ. ಎಡಕ್ಕೆ ಬಿದ್ದರೆ ಸ್ಟಾಕನ್ನು ಅಷ್ಟೇ ಲೆಕ್ಕದಲ್ಲಿ ಬಲಕ್ಕೆ ಓಲಿಸಬೇಕು. ಈಚಿನ ಬಹಳಷ್ಟು ಕೋವಿಗಳ ಡಬ್ಬಿಯಲ್ಲೇ ಸ್ಟಾಕಿಗೂ ರಿಸೀವರಿಗೂ ನಡುವೆ ಇಡುವ ಪ್ಲಾಸ್ಟಿಕ್ ಶಿಮ್ ಪಟ್ಟಿಗಳು ಇರುತ್ತವೆ, ಹೆಚ್ಚಿನವರು ಅವನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ಶಿಮ್ ಇಲ್ಲದ ಕೋವಿಗೆ ಯೋಗ ಚಾಪೆಯ ಫೋಮಿನ ತುಂಡು ಕತ್ತರಿಸಿ ಕೋಂಬಿನ ಮೇಲಿಟ್ಟು, ತನಗೆ ತಾನೇ ಅಂಟುವ ಬ್ಯಾಂಡೇಜ್ ಸುತ್ತಿ. ಎತ್ತರ ಸರಿಹೋಯಿತೆಂದು ಖಚಿತವಾದ ಮೇಲೆ ಅಂಟಿನ ತೆಳು ಪ್ಯಾಡ್ ಹಾಕಬಹುದು. ಒಮ್ಮೆಗೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೆ ಹೊಸ ಕಾಗದ.

ಏರುತ್ತಲೇ ಇರುವ ಟ್ರ್ಯಾಪ್ ಬಿಲ್ಲೆಗೆ ಚರೆಯ ಹೆಚ್ಚು ಪಾಲು ಬೊಟ್ಟಿಗಿಂತ ಮೇಲಕ್ಕೆ ಬೀಳುವುದು ಒಳ್ಳೆಯದು, ಬಿಲ್ಲೆಯನ್ನು ಬ್ಯಾರೆಲ್ಲಿನಿಂದ ಮುಚ್ಚದೆ ಹೊಡೆಯಬಹುದು. ಸ್ಕೀಟ್, ಸ್ಪೋರ್ಟಿಂಗ್‌ಗೆ ಸಮಸಮ ಅಥವಾ ಚೂರು ಮೇಲೆ ಸಾಕು.

ಚೋಕ್ ಮತ್ತು ಹರವು

ಹನ್ನೆರಡು ಬೋರಿಗೆ ಇಂಪ್ರೂವ್ಡ್ ಸಿಲಿಂಡರ್ ಎಂಬ ಚೋಕ್ ಬ್ಯಾರೆಲ್ಲಿನ ಒಳವ್ಯಾಸಕ್ಕಿಂತ ಸುಮಾರು 0.25 ಮಿಲಿಮೀಟರ್ ಬಿಗಿ, ಮಾಡಿಫೈಡ್ 0.5, ಫುಲ್ 0.9ರಿಂದ 1. 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಕ್ರಮವಾಗಿ ನೂರಕ್ಕೆ 50, 60, 70 ಚರೆ ಬೀಳಬೇಕೆಂಬುದು ಹಳೆಯ ಅಳತೆ. ಟ್ಯೂಬಿನ ಮೇಲಿನ ಹೆಸರು ಭರವಸೆಯಷ್ಟೇ, ನಿಮ್ಮ ತೋಟಾ ಏನು ಮಾಡುತ್ತದೆಂದು ಕಾಗದವೇ ಹೇಳಬೇಕು. ಕೋವಿಯ ಜತೆ ಬಂದ ಎರಡು ಮೂರು ಟ್ಯೂಬುಗಳೇ ಬಹುಕಾಲ ಸಾಕು.

ನೀವು ನಿಜಕ್ಕೂ ಬಿಲ್ಲೆ ಒಡೆಯುವ ದೂರಕ್ಕೆ ಕಾಗದ ನಿಲ್ಲಿಸಿ, ಕಾಗದಕ್ಕೆ ಒಂದೇ ಈಡು ಹೊಡೆಯಿರಿ. ಹೀಗೆ ಐದು ಕಾಗದ. 28 ಗ್ರಾಮಿನ 2.4 ಮಿಲಿಮೀಟರ್ ಚರೆಯ ತೋಟಾದಲ್ಲಿ ಸುಮಾರು 350 ಚರೆ ಇರುತ್ತದೆ. ಎಣಿಸುವುದು ಬೇಸರವೆನಿಸಿದರೆ ಬಿಲ್ಲೆಯ ಅಳತೆಯ, ಅಂದರೆ 11 ಸೆಂಟಿಮೀಟರ್ ವ್ಯಾಸದ ರಟ್ಟು ಕತ್ತರಿಸಿ, ಹರವಿನ ಮೇಲೆ ಆಡಿಸಿ. ರಟ್ಟಿನ ಕೆಳಗೆ ಮೂರಕ್ಕಿಂತ ಕಡಿಮೆ ತೂತು ಸಿಗುವ ಜಾಗಗಳೇ ಬಿಲ್ಲೆ ತಪ್ಪಿಸಿಕೊಳ್ಳುವ ಕಿಂಡಿಗಳು. ಅಂಚು ತೋರಿಸಿ ಹಾರುವ ಬಿಲ್ಲೆಯ ಎತ್ತರ ಎರಡೂವರೆ ಸೆಂಟಿಮೀಟರಷ್ಟೇ ಎಂಬುದೂ ನೆನಪಿರಲಿ. ಕಿಂಡಿ ಹೆಚ್ಚಿದ್ದರೆ ಹೊಸ ಚೋಕ್ ಕೊಳ್ಳುವ ಮೊದಲು ಬೇರೆ ತಯಾರಿಕೆಯ ತೋಟಾ ಹಾಕಿ ನೋಡಿ, ಅನೇಕ ಸಲ ಅಲ್ಲಿಗೇ ಸರಿಹೋಗುತ್ತದೆ.

ಟ್ಯೂಬಿನ ತಿರುಪಿಗೆ ಚೂರು ಗ್ರೀಸ್ ಹಚ್ಚಿ ಬಿಗಿ ಮಾಡಿ, ಪ್ರತಿ 25 ಈಡಿಗೊಮ್ಮೆ ಮುಟ್ಟಿ ನೋಡಿ. ಟ್ಯೂಬೇ ಇಲ್ಲದೆ ಹೊಡೆದರೆ ಬ್ಯಾರೆಲ್ಲಿನ ತಿರುಪು ಹಾಳಾಗುತ್ತದೆ. ಸೀಸದ ಬದಲು ಉಕ್ಕಿನ ಚರೆ ಬಳಸುವುದಾದರೆ ಬ್ಯಾರೆಲ್ಲಿಗೂ ಟ್ಯೂಬಿಗೂ ಅದರ ಅನುಮತಿ ಇದೆಯೇ ನೋಡಿ.

ಉಳಿದ ಚಿಲ್ಲರೆ

ಟ್ರಿಗರ್ ಭಾರವೆನಿಸಿದರೆ ತೊಳೆದು ನೋಡಿ. ಆಮೇಲೂ ಭಾರವಿದ್ದರೆ ಗನ್‌ಸ್ಮಿತ್ ಬಳಿ ಹೋಗಿ. ಟ್ರಿಗರ್ ಎಳೆಯುವವರೆಗೆ ಸುತ್ತಿಗೆಯನ್ನು ಹಿಡಿದಿಡುವ ಸಿಯರಿನ ಕಚ್ಚನ್ನು ಮನೆಯಲ್ಲಿ ಅರದಿಂದ ಉಜ್ಜಿದ ಸೆಮಿ ಆಟೋ ಬೋಲ್ಟ್ ಮುಚ್ಚಿದ ರಭಸಕ್ಕೇ ತಾನಾಗಿ ಹಾರಬಹುದು, ಒಂದು ಎಳೆತಕ್ಕೆ ಎರಡು ಈಡು ಹೋಗಬಹುದು. ಉಳಿತಾಯ ಮಾಡುವ ಜಾಗ ಇದಲ್ಲ. ಕಿವಿಯ ಮತ್ತು ಕಣ್ಣಿನ ರಕ್ಷಣೆಯೂ ಅಲ್ಲ.

ಗ್ಯಾಸ್ ಕೋವಿಯ ಮೂತಿ ಹಗುರವೆನಿಸಿ ಬೀಸು ನಡುವೆ ನಿಂತುಹೋಗುತ್ತಿದ್ದರೆ ಮ್ಯಾಗಜೀನ್ ಮುಚ್ಚಳದ ಬಳಿ 100ರಿಂದ 150 ಗ್ರಾಂ ಭಾರ ಸೇರಿಸಬಹುದು. ಇನರ್ಶಿಯಾ ಕೋವಿಗೆ ಸೇರಿಸಿದರೆ ಹಗುರ ತೋಟಾದ 100 ಈಡಿನ ಪರೀಕ್ಷೆ ಮತ್ತೆ ಮೊದಲಿನಿಂದ. ಪಕ್ಕದವರಿಗೆ ಖಾಲಿ ತೋಟಾ ಬಡಿಯದಂತೆ ಟ್ರ್ಯಾಪ್ ಸಾಲಿನಲ್ಲಿ ಶೆಲ್ ಕ್ಯಾಚರ್ ಬೇಕಾಗುತ್ತದೆ.

ಓಡುತ್ತ ತೋಟಾ ತುಂಬುವ ಪ್ರಾಕ್ಟಿಕಲ್ ಸ್ಪರ್ಧೆಯವರಿಗೆ ಒಂದು ಮಾತು. ಅಲ್ಲಿ ಸಮಯ ಕಳೆಯುವುದು ತುಂಬುವಾಗಲೇ. ಲೋಡಿಂಗ್ ಬಾಗಿಲಿನ ಚೂಪು ಅಂಚು ಹೆಬ್ಬೆರಳನ್ನು ಕುಯ್ಯುತ್ತದೆ. ಟ್ರಿಗರ್ ಗ್ರೂಪ್ ಮತ್ತು ಬೋಲ್ಟ್ ತೆಗೆದಿಟ್ಟು, ಸುತ್ತ ಟೇಪ್ ಅಂಟಿಸಿ, ಅಂಚನ್ನು ಮಾತ್ರ ಸಣ್ಣ ಅರದಲ್ಲಿ ದುಂಡಗೆ ಮಾಡಿ, ನುಣ್ಣನೆಯ ಕಾಗದದಲ್ಲಿ ಮುಗಿಸಿ. ಅಲ್ಯೂಮಿನಿಯಂ ರಿಸೀವರಿಗೆ ಉಕ್ಕನ್ನು ಕಪ್ಪಾಗಿಸುವ ಕೋಲ್ಡ್ ಬ್ಲೂ ದ್ರಾವಣ ಹಿಡಿಯುವುದಿಲ್ಲ, ಬಣ್ಣವೇ ಗತಿ. ಉಳಿದದ್ದೆಲ್ಲ ದಿನಕ್ಕೆ ಹದಿನೈದು ನಿಮಿಷ ಡಮ್ಮಿ ತೋಟಾ ತುಂಬುವ ಅಭ್ಯಾಸ.

ಸ್ಪರ್ಧೆಯ ಚೀಲ

ಓ-ರಿಂಗ್, ಎಕ್ಸ್‌ಟ್ರಾಕ್ಟರ್ ಮತ್ತದರ ಸ್ಪ್ರಿಂಗ್, ಚೋಕ್ ಕೀ, ಸಣ್ಣ ಬಾಟಲಿ ಎಣ್ಣೆ, ಬಟ್ಟೆ, ಚೇಂಬರ್ ಬ್ರಶ್, ಬ್ಯಾರೆಲ್ಲಿಗಿಂತ ಉದ್ದದ ಮರದ ಕೋಲು, ಚೇಂಬರ್ ಖಾಲಿ ಎಂದು ತೋರಿಸುವ ಚೇಂಬರ್ ಫ್ಲ್ಯಾಗ್. ಕೋಲು ಯಾಕೆಂದರೆ, ಈಡಿನ ಸದ್ದು ಎಂದಿನಂತಿರದೆ ಪುಸ್ಸೆಂದರೆ ಬ್ಯಾರೆಲ್ಲಿನಲ್ಲಿ ವ್ಯಾಡ್, ಅಂದರೆ ಮದ್ದಿಗೂ ಚರೆಗೂ ನಡುವಿನ ಬಿರಡೆ, ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಈಡು ಹೋದರೆ ಬ್ಯಾರೆಲ್ ಸೀಳಬಹುದು. ಪೂರ್ತಿ ಖಾಲಿ ಮಾಡಿ, ಬ್ಯಾರೆಲ್ ಬಿಚ್ಚಿ, ಬೆಳಕು ನೋಡಿ, ಆಮೇಲೇ ಮುಂದಿನ ತೋಟಾ. ಇದೇ ಕಾರಣಕ್ಕೆ ಇಪ್ಪತ್ತು ಬೋರಿನ ಒಂದೇ ಒಂದು ತೋಟಾ ಕೂಡ ಈ ಚೀಲದಲ್ಲಿರಬಾರದು. ಅದು ಹನ್ನೆರಡರ ಚೇಂಬರ್ ದಾಟಿ ಜಾರಿ ಬ್ಯಾರೆಲ್ಲಿನಲ್ಲಿ ಕೂರುತ್ತದೆ, ಅದರ ಹಿಂದೆ ಹನ್ನೆರಡರದೂ ಹಿಡಿಯುತ್ತದೆ.

ಕೊನೆಯ ದೊಡ್ಡ ಶುಚಿ ಸ್ಪರ್ಧೆಗೆ ಒಂದು ವಾರ ಮೊದಲು ಮುಗಿಯಲಿ, ಹಿಂದಿನ ರಾತ್ರಿ ಬೇಡ. ಬಿಚ್ಚಿ ಜೋಡಿಸಿದ ಕೋವಿಯಲ್ಲಿ ಸ್ಪರ್ಧೆಯದೇ ತೋಟಾ ಹಾಕಿ ಒಂದು ಡಬ್ಬಿ, 25 ಈಡು ಹೊಡೆದು, ಹೊರಗೆ ಮಾತ್ರ ಒರೆಸಿ, ಹಾಗೇ ತೆಗೆದುಕೊಂಡು ಹೋಗಿ.